ಕಾರು ಯಾರ ಹೆಸರಿನಲ್ಲಿದೆ?

(ಗದಗ-ಬೆಟಗೇರಿಯಲ್ಲಿ ನಡೆದ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಕುರ್ಚಿ ಖಾಲಿ ಇದ್ದರೂ ಹಿಂದೆ ಗೋಡೆಗೊರಗಿ ನಿಂತಿರುವ ನನ್ನ ಯುವಮಿತ್ರರೇ,

ಯುವಕರು ಮತ್ತು ದುಂದುವೆಚ್ಚ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ಆ ವಿಷಯದ ಮೇಲೆ ನೀವು ಬೇಕಾದಷ್ಟು ಉಪದೇಶ ಕೇಳಿದ್ದೀರಿ. ಕೇಳಿಯೂ ಹೊರಗೆ ಹೋಗಿ ಮೊದಲು ಮಾಡುವ ಕೆಲಸ ಸೈಲೆನ್ಸರ್ ಬದಲಾಯಿಸಿದ ಬೈಕನ್ನು ಗುಡುಗಿಸುವುದು. ಆದ್ದರಿಂದ ನಾನು ಉಪದೇಶವನ್ನು ಬದಿಗಿಟ್ಟು ಒಂದೇ ಒಂದು ವಸ್ತುವಿನ ಲೆಕ್ಕ ಹೇಳುತ್ತೇನೆ. ಆ ವಸ್ತು ಕಾರು. ಅದರಲ್ಲಿಯೂ ನಿಮ್ಮ ಮೊಬೈಲ್‌ಗಳಲ್ಲಿ ಹಗಲಿರುಳು ಓಡುವ ವಿದೇಶಿ ವೇಗದ ಕಾರು.

ಅದನ್ನು ಬಯಸುವುದು ಪಾಪವೆಂದು ಹೇಳಲು ನಾನಿಲ್ಲಿಗೆ ಬಂದಿಲ್ಲ. ಒಳ್ಳೆಯ ಕುದುರೆಯನ್ನು ಮೆಚ್ಚಿದ ಜನರ ಸಂತತಿ ಒಳ್ಳೆಯ ಎಂಜಿನ್ನನ್ನು ಮೆಚ್ಚಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಪ್ರಶ್ನೆ ಬೇರೆ. ಆ ಕಾರು ಯಾರ ಹೆಸರಿನಲ್ಲಿದೆ? ಅದರ ವಿಮೆ ಯಾರ ಹೆಸರಿನಲ್ಲಿದೆ? ನಾಳೆ ಏನಾದರೂ ಆದರೆ ನ್ಯಾಯಾಲಯದ ನೋಟೀಸು ಯಾರ ಮನೆಯ ಬಾಗಿಲಿಗೆ ಬರುತ್ತದೆ?

ಮೊದಲು ಬೆಲೆಯನ್ನು ನೋಡೋಣ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಗಾಲ್ಫ್ ಜಿಟಿಐ ಎಂಬ ಕಾರನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಪೂರ್ಣವಾಗಿ ಜರ್ಮನಿಯಲ್ಲಿಯೇ ತಯಾರಾಗಿ ಹಡಗಿನಲ್ಲಿ ಬಂದ ಕಾರು; 265 ಅಶ್ವಶಕ್ತಿ; ಷೋರೂಮ್ ಬೆಲೆ 52 ಲಕ್ಷ 99 ಸಾವಿರ ರೂಪಾಯಿ. ಹೀಗೆ ಪೂರ್ಣವಾಗಿ ಹೊರಗೆ ತಯಾರಾಗಿ ಬರುವ ಕಾರುಗಳಿಗೆ 2025ರಲ್ಲಿ ಅವುಗಳ ಬೆಲೆ ಮತ್ತು ಎಂಜಿನ್ ನೋಡಿ ಶೇಕಡಾ 70ರಿಂದ 110ರವರೆಗೆ ಆಮದು ಸುಂಕವಿತ್ತು. ಅದರ ಮೇಲೆ ಜಿಎಸ್‌ಟಿ. ಇವೆಲ್ಲವೂ ಷೋರೂಮ್ ಬೆಲೆಯೊಳಗೆ ಸೇರಿಹೋದವು. ಆಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11 ಉಪಕರ. ಕೂಡಿಸಿ ನೋಡಿದರೆ ಸುಮಾರು ಹತ್ತೂವರೆ ಲಕ್ಷ. ಅಂದರೆ ಕಾರು ರಸ್ತೆಗಿಳಿಯುವ ಮೊದಲೇ ತೆರಿಗೆಗೆ ಹೋದ ಹಣದಲ್ಲಿ ಇನ್ನೊಂದು ಒಳ್ಳೆಯ ಹೊಸ ಕಾರು ಬರುತ್ತದೆ. ಬೆಟಗೇರಿಯ ಮಗ್ಗದ ಮುಂದೆ ಕುಳಿತ ನೇಕಾರನು ಇಡೀ ಜೀವಮಾನದಲ್ಲಿ ಇಷ್ಟು ಹಣವನ್ನು ಒಟ್ಟಿಗೆ ಕಣ್ಣಿನಿಂದ ಕಾಣಲಾರ.

'ನನ್ನ ಮಾಮಾ ದುಬೈನಲ್ಲಿದ್ದಾರೆ, ಅಲ್ಲಿ ಅಗ್ಗಕ್ಕೆ ಸಿಗುತ್ತದೆ, ತರಿಸುತ್ತೇನೆ' ಎಂದು ಹೇಳುವವರಿದ್ದಾರೆ. ತರಿಸಲಾರಿರಿ. ಗಲ್ಫ್ ದೇಶಗಳ ಕಾರುಗಳ ಸ್ಟಿಯರಿಂಗ್ ಎಡಗಡೆ ಇರುತ್ತದೆ. ನಮ್ಮ ಆಮದು ನಿಯಮ ಬಲಗಡೆಯದನ್ನೇ ಕೇಳುತ್ತದೆ. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು, ಮುಂಬಯಿ ಬಂದರಿನ ಮೂಲಕವೇ ಬರಬೇಕು, ಇಲ್ಲಿ ತಾಂತ್ರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಸುಂಕವೂ ಹೊಸ ಕಾರಿಗಿಂತ ಹೆಚ್ಚು. ಕೇರಳದ ರಸ್ತೆಗಳಲ್ಲಿ ಅರಬ್ಬೀ ಅಕ್ಷರದ ನಂಬರ್ ಪ್ಲೇಟಿನ ಕಾರುಗಳನ್ನು ನೀವು ಕಂಡಿರಬಹುದು. ಅವು ಕಾರ್ನೆಟ್ ಎಂಬ ತಾತ್ಕಾಲಿಕ ಪರವಾನಗಿಯ ಮೇಲೆ ಅತಿಥಿಗಳಾಗಿ ಬಂದವು. ಅವಧಿ ಮುಗಿದೊಡನೆ ಮರಳಿ ಹೋಗಲೇಬೇಕು.

ಹಾಗಾದರೆ ನಮ್ಮ ಗದಗ ಜಿಲ್ಲೆಗೆ ಇಂಥ ಕಾರು ಬರುವುದು ಹೇಗೆ? ಮೂರನೆಯ, ನಾಲ್ಕನೆಯ ಕೈಯಾಗಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಮುಂಬಯಿಯಲ್ಲಿ ಶ್ರೀಮಂತನೊಬ್ಬ ಐದಾರು ವರ್ಷ ಓಡಿಸಿ ಬೇಸತ್ತು ಮಾರಿದ್ದು ದಲ್ಲಾಳಿಗಳ ಕೈಯಿಂದ ಕೈಗೆ ದಾಟಿ ಹುಬ್ಬಳ್ಳಿಗೆ, ಅಲ್ಲಿಂದ ಇಲ್ಲಿಗೆ ಬರುತ್ತದೆ. ಬೆಲೆ ಎಂಟೋ ಹತ್ತೋ ಲಕ್ಷಕ್ಕೆ ಇಳಿದಿರುತ್ತದೆ. ಹೊಸ ಸ್ವಿಫ್ಟ್ ಕಾರಿನ ಬೆಲೆಯಲ್ಲಿ ಜರ್ಮನ್ ಕಾರು! ತಂದೆಯ ಮುಂದೆ ಹಟ ಹಿಡಿಯಲು ಇದಕ್ಕಿಂತ ಒಳ್ಳೆಯ ವಾದ ಬೇಕೆ? ಆದರೆ ಬೆಲೆ ಇಳಿದಿದ್ದರೂ ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಅದರ ಗೇರ್ ಬಾಕ್ಸ್ ಕೆಟ್ಟರೆ ಐವತ್ತು ಲಕ್ಷದ ಕಾರಿನ ಗೇರ್ ಬಾಕ್ಸೇ ಕೆಟ್ಟಂತೆ.

ಮತ್ತು ಅದು ಹೊರರಾಜ್ಯದ ನಂಬರಿನೊಂದಿಗೆ ಬಂದಿರುತ್ತದೆ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರುವುದಾದರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ನಮ್ಮಲ್ಲಾದರೆ ಕೆಎ-26. ಅದರೊಂದಿಗೆ ಇಲ್ಲಿಯ ತೆರಿಗೆಯೂ ಬಂತು. ಇದನ್ನು ತಪ್ಪಿಸಿಕೊಂಡವರ ಕಥೆ ಏನಾಯಿತು? 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಒಂದೇ ಕಾರ್ಯಾಚರಣೆಯಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯ ಮಾಲೀಕನಿಂದ ದಂಡವೂ ಸೇರಿ 1 ಕೋಟಿ 41 ಲಕ್ಷಕ್ಕೂ ಮಿಕ್ಕಿ ವಸೂಲಾಯಿತು. ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಭೂತಾನದ ದಾರಿಯಿಂದ ಸುಳ್ಳು ದಾಖಲೆಗಳ ಮೇಲೆ ತಂದವೆನ್ನಲಾದ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ಜಪ್ತಿ ಮಾಡಿದರು. ಚಿತ್ರನಟರ ಮನೆಗಳಲ್ಲಿಯೂ ಶೋಧ ನಡೆಯಿತು. ಫೆರಾರಿಯ ಮಾಲೀಕ ಒಂದೂಕಾಲು ಕೋಟಿಯ ಮೇಲೆ ತೆತ್ತು ಸಂಜೆ ಕಾರನ್ನು ಮನೆಗೆ ಒಯ್ಯಬಲ್ಲ. ನಾಲ್ಕನೆಯ ಕೈಯಲ್ಲಿ ಅದೇ ಜಾತಿಯ ಕಾರು ಕೊಂಡ ನಮ್ಮ ಹುಡುಗ ಮೊದಲಿನ ಮೂರು ಜನರ ಬಾಕಿಯನ್ನು ಹೊತ್ತು ನಿಲ್ಲುತ್ತಾನೆ.

ಇನ್ನು ವಿಮೆ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಿರಿ, ಏಕೆಂದರೆ ನನ್ನ ಮಾತಿನ ತಿರುಳು ಇಲ್ಲಿದೆ.

ಬ್ರಿಟನ್ನಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಇಂಥ ಕಾರಿಗೆ ವಿಮೆ ಕೇಳಲು ಹೋದರೆ ಕಂಪೆನಿ ಮೊದಲು ಅವನ ವಯಸ್ಸು ಕೇಳುತ್ತದೆ. ಯಾವ ಬೀದಿಯಲ್ಲಿ ವಾಸ, ಏನು ಉದ್ಯೋಗ, ಲೈಸೆನ್ಸ್ ಸಿಕ್ಕು ಎಷ್ಟು ವರ್ಷವಾಯಿತು, ಕಾರಿನಲ್ಲಿ ಏನೇನು ಬದಲಾಯಿಸಿದ್ದೀ ಎಂದು ಒಂದೊಂದನ್ನೂ ಕೇಳುತ್ತದೆ. ಅಲ್ಲಿ ಕಾರುಗಳನ್ನೇ ಅಪಾಯದ ಲೆಕ್ಕದಲ್ಲಿ ಒಂದರಿಂದ ಐವತ್ತರವರೆಗೆ ಗುಂಪು ಮಾಡುವ ಪದ್ಧತಿ ಬಹುಕಾಲ ನಡೆದುಬಂದಿದೆ. ಎಲ್ಲವನ್ನೂ ಕೂಡಿಸಿ ಅದು ಹೇಳುವ ಪ್ರೀಮಿಯಂ ಎಷ್ಟೋ ಸಲ ಹಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಹುಡುಗ ತಲೆ ಕೆರೆದುಕೊಂಡು ಸಣ್ಣ ಕಾರಿಗೆ ಇಳಿಯುತ್ತಾನೆ; ಇಲ್ಲವೇ ತನ್ನ ವೇಗ, ಬ್ರೇಕು ಎಲ್ಲವನ್ನೂ ಕಂಪೆನಿಗೆ ವರದಿ ಮಾಡುವ ಸಣ್ಣ ಪೆಟ್ಟಿಗೆಯನ್ನು ಕಾರಿನಲ್ಲಿ ಕೂರಿಸಲು ಒಪ್ಪುತ್ತಾನೆ. (ಹಿಂದೆ ಅಲ್ಲಿ ಹುಡುಗಿಯರಿಗೆ ಪ್ರೀಮಿಯಂ ಕಡಿಮೆ ಇತ್ತು, ಅಪಘಾತ ಮಾಡುವುದು ಕಡಿಮೆ ಎಂಬ ಲೆಕ್ಕದಿಂದ. 2012ರ ಡಿಸೆಂಬರ್ 21ರಿಂದ ಯುರೋಪಿನ ನ್ಯಾಯಾಲಯದ ತೀರ್ಪಿನಂತೆ ಆ ಭೇದ ನಿಂತಿತು. ಹೆಣ್ಣುಮಕ್ಕಳಿಗೆ ಕಾರಿನ ಕೀಲಿ ಕೊಡಲು ಹಿಂಜರಿಯುವ ತಂದೆಯರು ಇದನ್ನು ಗಮನಿಸಬಹುದು.)

ನಮ್ಮಲ್ಲಿ ಹಾಗಿಲ್ಲ. ಮೂರನೆಯ ವ್ಯಕ್ತಿಯ, ಅಂದರೆ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ ಸಾವಿರದೈನೂರರವರೆಗೆ 3,416, ಅದಕ್ಕೂ ಮೇಲೆ 7,897. ಇಷ್ಟೇ. ಓಡಿಸುವವನು ಅರವತ್ತು ವರ್ಷದ ನಿವೃತ್ತ ಮಾಸ್ತರನೋ ನಿನ್ನೆ ಲೈಸೆನ್ಸ್ ಪಡೆದ ಹುಡುಗನೋ ಎಂಬ ಪ್ರಶ್ನೆಯೇ ಆ ಪಟ್ಟಿಯಲ್ಲಿಲ್ಲ. ಸ್ವಂತ ಕಾರಿನ ಹಾನಿಯ ವಿಮೆಯಲ್ಲಿಯೂ ಮುಖ್ಯವಾಗಿ ನೋಡುವುದು ಕಾರಿನ ಈಗಿನ ಮೌಲ್ಯ, ಅದರ ವಯಸ್ಸು, ಎಂಜಿನ್ನಿನ ಗಾತ್ರ, ನೋಂದಣಿಯಾದ ಊರು. ಕಾರಿನ ವಯಸ್ಸನ್ನು ಕೇಳುವವರು ಚಾಲಕನ ವಯಸ್ಸನ್ನು ಕೇಳುವುದಿಲ್ಲ!

ಬಡವನ ಮಗನಿಗೆ ದುಬಾರಿ ಪ್ರೀಮಿಯಂ ಹೇರದಿರುವುದು ಒಳ್ಳೆಯದೇ. ಆದರೆ ಅದರ ಪರಿಣಾಮವನ್ನು ಅರಿತುಕೊಳ್ಳಬೇಕು. ಅಲ್ಲಿ ಹುಡುಗನನ್ನು ತಡೆಯುವ ಕೆಲಸವನ್ನು ವಿಮಾ ಕಂಪೆನಿ ಮಾಡುತ್ತದೆ, ಮುಂಚೆಯೇ, ದುಡ್ಡಿನ ಭಾಷೆಯಲ್ಲಿ. ಇಲ್ಲಿ ಆ ಕೆಲಸ ತಂದೆಯ ಮೇಲೆ ಬಿದ್ದಿದೆ. ತಂದೆ ಸುಮ್ಮನಾದರೆ ಲೆಕ್ಕ ಅಪಘಾತದ ನಂತರವೇ ಶುರುವಾಗುತ್ತದೆ.

ಇನ್ನು ಮಾರ್ಪಾಡಿನ ವಿಷಯ. ನಿಮ್ಮಲ್ಲಿ ಹಲವರು ಈ ವಿಷಯದಲ್ಲಿ ನನಗಿಂತ ಜಾಣರು. ಈಗಿನ ಟರ್ಬೊ ಎಂಜಿನ್ನುಗಳಲ್ಲಿ ಕಬ್ಬಿಣ ಮುಟ್ಟದೆಯೇ ಶಕ್ತಿ ಹೆಚ್ಚಿಸಬಹುದು. ಎಂಜಿನ್ನನ್ನು ಆಳುವ ಕಂಪ್ಯೂಟರಿನ ಲೆಕ್ಕಪಟ್ಟಿಯನ್ನು ತಿದ್ದಿ ಬರೆದರಾಯಿತು. ಟರ್ಬೊ ಹೆಚ್ಚು ಗಾಳಿ ಒತ್ತುತ್ತದೆ, ಇಂಧನ ಹೆಚ್ಚು ಹರಿಯುತ್ತದೆ, ಕಾರು ಮುಂದೆ ಜಿಗಿಯುತ್ತದೆ. ಇದಕ್ಕೆ ರಿಮ್ಯಾಪ್ ಎನ್ನುತ್ತಾರೆ. ಎಂಜಿನ್ನಿನ ಸಿಸಿ ಬದಲಾಗದ ಕಾರಣ ಪ್ರೀಮಿಯಂ ಒಂದು ರೂಪಾಯಿಯೂ ಏರುವುದಿಲ್ಲ. ಆದರೆ ಕ್ಲಚ್ಚು, ಬ್ರೇಕು, ಟೈರು ಹಳೆಯ ಶಕ್ತಿಗೆ ಅಳೆದು ಮಾಡಿದವು. ಒಂದನ್ನು ಬದಲಾಯಿಸಿ ಉಳಿದುದನ್ನು ಹಾಗೆಯೇ ಬಿಟ್ಟ ಕಾರಿನಲ್ಲಿ ಮುಂಡರಗಿ ರಸ್ತೆಗೆ ಹೋಗಿ ನೋಡಿರಿ. ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರಿನಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಕತ್ತಲಲ್ಲಿ ನಿಮ್ಮ ಮುಂದೆಯೇ ಇರುತ್ತದೆ. ಲಕ್ಷ್ಮೇಶ್ವರದ ದೂದಪೀರಾಂ ಉರುಸಿನ ದಿನಗಳಲ್ಲಿ, ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರೆಯ ದಿನಗಳಲ್ಲಿ ರಸ್ತೆಯ ಅಂಚಿನಲ್ಲಿ ಇಡೀ ಕುಟುಂಬಗಳು ನಡೆದುಕೊಂಡು ಹೋಗುತ್ತವೆ, ಎರಡೂ ಸಮುದಾಯದವರು. ಈ ರಸ್ತೆಗಳು ಜರ್ಮನಿಯ ಹೆದ್ದಾರಿಗಳಲ್ಲ.

ಕಾನೂನು ಏನು ಹೇಳುತ್ತದೆ? ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ವಾಹನದ ಮೂಲ ಲಕ್ಷಣವನ್ನು ಬದಲಾಯಿಸುವಂತಿಲ್ಲ. ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಬದಲಾವಣೆ, ಅನುಮತಿ ಪಡೆದು ಅಳವಡಿಸುವ ಅನಿಲ ಕಿಟ್ ಮುಂತಾದವಕ್ಕೆ ಅವಕಾಶವಿದೆ. ಕೇರಳದ ಉಚ್ಚ ನ್ಯಾಯಾಲಯ ಈ ಕಲಮನ್ನು ಸಡಿಲವಾಗಿ ಅರ್ಥೈಸಿದ್ದಾಗ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೂ ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಎಂದು ಬರೆದಿದೆ. ಪೊಲೀಸರು ರಾಜ್ಯದ ಹಲವು ನಗರಗಳಲ್ಲಿ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ನೀವು ನೋಡಿ ನಕ್ಕಿದ್ದೀರಿ. ದಂಡ ಕಟ್ಟಿ ಬರಬಹುದು, ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ ವಿಮೆ ಪರಮ ವಿಶ್ವಾಸದ ಒಪ್ಪಂದ. ಕಾರಿನಲ್ಲಿ ಮಾಡಿದ ಬದಲಾವಣೆಯನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ, ಕಾರು ಗುದ್ದಿದ ದಿನ ಸರ್ವೇಯರ್ ಬಂದು ಅದನ್ನು ಬರೆದುಕೊಂಡರೆ, ನಿಮ್ಮ ಕಾರಿನ ಹಾನಿಯ ಪರಿಹಾರವನ್ನು ನಿರಾಕರಿಸಲು ಕಂಪೆನಿಗೆ ಕಾರಣ ಸಿಕ್ಕಿತು.

ಈಗ ಆ ಮೂರನೆಯ ವ್ಯಕ್ತಿಯ ಬಳಿಗೆ ಬರೋಣ. ಅವನು ಯಾರು? ಗದಗದ ಎಪಿಎಂಸಿಯಲ್ಲಿ ಚೀಲ ಹೊರುವ ಇಪ್ಪತ್ತೈದು ವರ್ಷದ ಹಮಾಲ ಎಂದಿಟ್ಟುಕೊಳ್ಳಿ. ತಿಂಗಳಿಗೆ ಹದಿನೈದು ಸಾವಿರ ದುಡಿಮೆ. ಮನೆಯಲ್ಲಿ ಹೆಂಡತಿ, ಒಂದು ಮಗು, ವಯಸ್ಸಾದ ತಾಯಿ. ಇಂಥವನು ಸತ್ತರೆ ನ್ಯಾಯಮಂಡಳಿ ಪರಿಹಾರವನ್ನು ಹೇಗೆ ಎಣಿಸುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು 2009ರ ಮತ್ತು 2017ರ ತೀರ್ಪುಗಳಲ್ಲಿ ನಿಗದಿ ಮಾಡಿದೆ. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಶೇಕಡಾ 40 ಕೂಡಿಸಿದರೆ ಇಪ್ಪತ್ತೊಂದು ಸಾವಿರ. ಅವನ ಸ್ವಂತ ಖರ್ಚೆಂದು ಮೂರರಲ್ಲೊಂದು ಭಾಗ ಕಳೆದರೆ ಹದಿನಾಲ್ಕು ಸಾವಿರ. ವರ್ಷಕ್ಕೆ 1 ಲಕ್ಷ 68 ಸಾವಿರ. ಆ ವಯಸ್ಸಿಗೆ ಗುಣಕ 18. ಒಟ್ಟು 30 ಲಕ್ಷ 24 ಸಾವಿರ ರೂಪಾಯಿ. ಇತರ ಬಾಬುಗಳೂ ಬಡ್ಡಿಯೂ ಬೇರೆ. ಹಮಾಲನ ಪ್ರಾಣದ ಲೆಕ್ಕ ಇಷ್ಟಾಗುತ್ತದೆ ಎಂಬುದು ಅವನ ಮನೆಯವರಿಗೂ ಗೊತ್ತಿರುವುದಿಲ್ಲ, ಗುದ್ದಿದವನ ಮನೆಯವರಿಗೂ ಗೊತ್ತಿರುವುದಿಲ್ಲ.

ಚಾಲ್ತಿಯ ವಿಮೆಯಿದ್ದು, ಓಡಿಸಿದವನಿಗೆ ಲೈಸೆನ್ಸ್ ಇದ್ದರೆ ಈ ಮೊತ್ತವನ್ನು ಕಂಪೆನಿ ಕೊಡುತ್ತದೆ. ವರ್ಷಕ್ಕೆ ಏಳೆಂಟು ಸಾವಿರ ಕಟ್ಟಿದ್ದರ ಅರ್ಥ ಇದು. ವಿಮೆಯಿದ್ದು ಲೈಸೆನ್ಸ್ ಇಲ್ಲದಿದ್ದರೆ? 2004ರಿಂದ ನಡೆದುಬಂದ ನ್ಯಾಯಾಲಯಗಳ ದಾರಿ ಏನೆಂದರೆ, ಕಂಪೆನಿ ಮೊದಲು ಸಂತ್ರಸ್ತರಿಗೆ ಹಣ ಕೊಡಲಿ, ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ವಿಮೆಯೇ ಇಲ್ಲದಿದ್ದರೆ ಮಾಲೀಕನೇ ನೇರವಾಗಿ ಕೊಡಬೇಕು. ಕೊಡದಿದ್ದರೆ ಕಾಯಿದೆಯ 174ನೆಯ ಕಲಮಿನಂತೆ ಅದು ಭೂಕಂದಾಯದ ಬಾಕಿಯ ಹಾಗೆ ಜಿಲ್ಲಾಧಿಕಾರಿಯ ಮೂಲಕ ವಸೂಲಾಗುತ್ತದೆ. ಅಂದರೆ ಮನೆ, ಹೊಲ. ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕಟ್ಟಿಸಿಕೊಳ್ಳಬೇಕೆಂಬ ನಿಯಮ 2018ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಆ ವರ್ಷಗಳು ಮುಗಿದ ಮೇಲೆ ನವೀಕರಣ ಮರೆತುಹೋಗುತ್ತದೆ. ಈ ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಮೆಯಿಲ್ಲದೆ ಇವೆಯೆಂದು ಸಂಸತ್ತಿನ ಮುಂದೆ ಬಂದ ಲೆಕ್ಕವೇ ಹೇಳಿದೆ. ಮೂರನೆಯ, ನಾಲ್ಕನೆಯ ಕೈಯ ಕಾರುಗಳು ಯಾವ ಅರ್ಧದಲ್ಲಿರಬಹುದೆಂದು ನೀವೇ ಊಹಿಸಿರಿ.

ಮಾಲೀಕ ಎಂದರೆ ಯಾರು? ಕಾರನ್ನು ಓಡಿಸುವವನೂ ಅಲ್ಲ, ದುಡ್ಡು ಕೊಟ್ಟವನೂ ಅಲ್ಲ. ಆರ್‌ಸಿ ಪುಸ್ತಕದಲ್ಲಿ ಹೆಸರಿರುವವನು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ ಕಾರು ಹಲವು ಕೈ ಬದಲಾಗಿತ್ತು. ಆರ್‌ಸಿ ಮಾತ್ರ ಮೊದಲು ಮಾರಿದವನ ಹೆಸರಿನಲ್ಲಿಯೇ ಉಳಿದಿತ್ತು. ಕಾರನ್ನು ಎಂದೋ ಮಾರಿಬಿಟ್ಟಿದ್ದ ಆ ಮನುಷ್ಯನೇ ಹೊಣೆ ಎಂದು ತೀರ್ಪಾಯಿತು. ಕೊಂಡವನಿಗೂ ಕ್ಷೇಮವಿಲ್ಲ. ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕನಿಗೆ ತಾನಾಗಿ ವರ್ಗವಾದರೂ ಕಾರಿನ ಹಾನಿಯ ವಿಮೆ ವರ್ಗವಾಗುವುದಿಲ್ಲ. ಅದಕ್ಕೆ ಕಂಪೆನಿಗೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು. ಹಳೆಯ ಮಾಲೀಕ ಗಳಿಸಿದ ನೋ ಕ್ಲೇಮ್ ಬೋನಸ್ಸೂ ಅವನೊಂದಿಗೇ ಹೋಗುತ್ತದೆ.

ಇಲ್ಲಿ ನಮ್ಮ ಸಮುದಾಯದ ಒಂದು ಹುಣ್ಣನ್ನು ಮುಟ್ಟದೆ ಹೋಗಲಾರೆ. ವರದಕ್ಷಿಣೆಯನ್ನು ಬಾಯಿಬಿಟ್ಟು ಕೇಳಲು ನಾಚುವವರು ಈಗ ಕಾರನ್ನು ಕೇಳುತ್ತಾರೆ. 'ನಾವೇನೂ ಕೇಳಿಲ್ಲ, ಅವರೇ ಸಂತೋಷದಿಂದ ಕೊಟ್ಟರು' ಎಂಬ ಮಾತು ಸಿದ್ಧವಾಗಿರುತ್ತದೆ. 1961ರಿಂದಲೂ ವರದಕ್ಷಿಣೆ ನಿಷೇಧ ಕಾಯಿದೆ ಇದೆ, ಅದು ಇರಲಿ. ಆ ಕಾರಿನ ಸಾಲ ಯಾರ ಹೆಸರಿನಲ್ಲಿದೆ? ಹುಡುಗಿಯ ತಂದೆಯ ಹೆಸರಿನಲ್ಲಿ. ಸಾಲ ಅವನ ಹೆಸರಿನಲ್ಲಿದ್ದರೆ ಆರ್‌ಸಿಯೂ ಅವನ ಹೆಸರಿನಲ್ಲಿಯೇ. ಅಳಿಯ ಸೈಲೆನ್ಸರ್ ಬದಲಾಯಿಸುತ್ತಾನೆ, ರಿಮ್ಯಾಪ್ ಮಾಡಿಸುತ್ತಾನೆ, ಗೆಳೆಯನ ಕೈಗೆ ಕೀಲಿ ಕೊಡುತ್ತಾನೆ, ವಿಮೆಯ ನವೀಕರಣ ಮರೆಯುತ್ತಾನೆ. ಹಮಾಲನ ಹೆಂಡತಿ ಹಾಕಿದ ಅರ್ಜಿಯಲ್ಲಿ ಎದುರುದಾರನಾಗಿ ನಿಲ್ಲುವವನು ಮಾತ್ರ ಕಂತು ಕಟ್ಟುತ್ತಾ ಕುಳಿತ ಆ ಮಾವ. ಮಗಳನ್ನೂ ಕೊಟ್ಟು, ಕಾರನ್ನೂ ಕೊಟ್ಟು, ಮೂವತ್ತು ಲಕ್ಷದ ಹೊಣೆಯನ್ನೂ ಹೊರುವ ಈ ಮನುಷ್ಯನ ವಿಷಯದಲ್ಲಿ ನಮ್ಮ ಜಮಾಅತ್ತುಗಳು ಎಷ್ಟು ಸಭೆ ನಡೆಸಿವೆ? ನಿಕಾಹ್ ದಾಖಲಾತಿಯ ವೇಳೆ ಮಹರ್ ಎಷ್ಟೆಂದು ಕೇಳಿ ಬರೆಯುವವರು ಬಾಗಿಲ ಹೊರಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ ಕಾರು ಯಾರದೆಂದು ಒಮ್ಮೆ ಕೇಳಬಾರದೇ?

ಪ್ರಾಪ್ತ ವಯಸ್ಸಿಗೆ ಬಾರದ ಮಗನ ಕೈಗೆ ಕೀಲಿ ಕೊಡುವ ತಂದೆಯರಿಗೆ ಬೇರೆಯೇ ಕಲಮಿದೆ, 199ಎ. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಆ ಕಾರು ನಮ್ಮ ಬೆಂಗಳೂರಿನ ಮಾರಾಟಗಾರನ ಮೂಲಕ ಆಮದಾಗಿ ತಾತ್ಕಾಲಿಕ ನೋಂದಣಿಯ ಮೇಲೆ ಪುಣೆಗೆ ಹೋಗಿತ್ತು. ಒಂದೂವರೆ ಕೋಟಿ ಮೀರಿದ ಕಾರು, ಖಾಯಂ ನೋಂದಣಿಗೆ ಕಟ್ಟಬೇಕಾಗಿದ್ದ ಶುಲ್ಕ 1,758 ರೂಪಾಯಿ, ಅದನ್ನೂ ಕಟ್ಟಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ಸಿಕ್ಕಿತು. ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಷರತ್ತುಗಳಲ್ಲೊಂದು. ಜನ ರೊಚ್ಚಿಗೆದ್ದ ಮೇಲೆ ತಂದೆಯ ಬಂಧನವಾಯಿತು, ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದ ಮೇಲೆ ವೈದ್ಯರ ಬಂಧನವೂ ಆಯಿತು. ಇದೇ ಕೃತ್ಯವನ್ನು ಗದಗದ ಮುಳಗುಂದ ನಾಕಾದಲ್ಲಿ ನಮ್ಮ ಓಣಿಯ ಹುಡುಗ ಮಾಡಿದ್ದರೆ ಪ್ರಬಂಧ ಬರೆಸಿ ಮನೆಗೆ ಕಳುಹಿಸುತ್ತಿದ್ದರೇ? ಅವನ ಹೆಸರು ಮರುದಿನ ಟಿವಿಯಲ್ಲಿ ಯಾವ ಬಣ್ಣದ ಅಕ್ಷರಗಳಲ್ಲಿ ಬರುತ್ತಿತ್ತು? ಕಾನೂನು ಎಲ್ಲರಿಗೂ ಒಂದೇ ಎಂಬ ಭರವಸೆಯ ಮೇಲೆ ವೇಗ ಹೆಚ್ಚಿಸಬೇಡಿ ಎಂದಷ್ಟೇ ಹೇಳುತ್ತೇನೆ.

'ನಾನೇ ಸತ್ತರೆ ಮನೆಯವರಿಗೆ ವಿಮೆ ಬರುತ್ತದಲ್ಲ' ಎಂದು ತಮಾಷೆ ಮಾಡುವವರೂ ಇದ್ದಾರೆ. ಬರುವುದಿಲ್ಲ. 2014ರ ಜೂನ್ 18ರಂದು ಅರಸೀಕೆರೆಯ ಕಡೆಗೆ ಹೊರಟಿದ್ದ ಗುತ್ತಿಗೆದಾರರೊಬ್ಬರ ಫಿಯೆಟ್ ಲೀನಿಯಾ ಕಾರು ಮಗುಚಿ ಅವರು ತೀರಿಕೊಂಡರು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ಅತಿವೇಗ ಮತ್ತು ಅಜಾಗರೂಕತೆ ಮೃತರದೇ, ತನ್ನ ತಪ್ಪಿನಿಂದ ಸತ್ತವನ ವಾರಸುದಾರರು ಆ ತಪ್ಪಿಗೆ ಪರಿಹಾರ ಕೇಳಲಾರರು ಎಂದು 2024ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಮಾಲೀಕನೇ ಚಾಲಕನಾಗಿದ್ದರೆ ಬೇರೆಯಾಗಿ ಮಾಡಿಸಿದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯಿದೆ, ಅದೂ ಅವನ ಹೆಸರಿನಲ್ಲಿ ಆರ್‌ಸಿಯೂ ಲೈಸೆನ್ಸೂ ಇದ್ದರೆ. ಅಪ್ಪನ ಕಾರಿನಲ್ಲಿ, ಮಾವನ ಕಾರಿನಲ್ಲಿ, ಗೆಳೆಯನ ಕಾರಿನಲ್ಲಿ ಸತ್ತವನಿಗೆ ಅದೂ ಇಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರಕ್ಕೆ ಅರುವತ್ತಾರು ಮಂದಿ 18ರಿಂದ 45ರ ವಯಸ್ಸಿನವರು, ದುಡಿಯುವ ಕೈಗಳು.

ಕೊನೆಯದಾಗಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ವಿಮೆಯಲ್ಲಿ ಬಡ್ಡಿಯೂ ಅನಿಶ್ಚಿತತೆಯೂ ಇರುವುದರಿಂದ ಅದು ನಿಷಿದ್ಧ, ಆದ್ದರಿಂದ ಮಾಡಿಸುವುದಿಲ್ಲ ಎಂದು ಕೆಲವು ಯುವಕರು ಹೇಳುತ್ತಾರೆ. ವಾಣಿಜ್ಯ ವಿಮೆಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಕಾನೂನು ಕಡ್ಡಾಯಗೊಳಿಸಿದ ವಿಮೆಯನ್ನು ಅನಿವಾರ್ಯತೆಯ ನೆಲೆಯಲ್ಲಿ ಅನುಮತಿಸಿದವರೂ ಅವರಲ್ಲಿ ಅನೇಕರು. ನಾನು ಮುಫ್ತಿಯಲ್ಲ, ಫತ್ವಾ ಕೊಡುವುದಿಲ್ಲ. ಆದರೆ ನಮ್ಮ ಫಿಕ್ಹ್ ಗ್ರಂಥಗಳಲ್ಲಿರುವ ಆಕಿಲಾ ಎಂಬ ವ್ಯವಸ್ಥೆಯನ್ನು ನೆನಪಿಸುತ್ತೇನೆ. ಕೈತಪ್ಪಿ ಒಬ್ಬನನ್ನು ಕೊಂದವನು ಮೃತನ ಮನೆಯವರಿಗೆ ದಿಯತ್ ಕೊಡಬೇಕು. ಒಬ್ಬನಿಂದ ಆ ಭಾರ ಸಾಗದೆಂದು ಅವನ ಕುಲದವರೆಲ್ಲ ಸೇರಿ ಹಂಚಿಕೊಂಡು ತೆರುತ್ತಿದ್ದರು. ಹಝ್ರತ್ ಉಮರ್‌ರ(ರ) ಕಾಲದಲ್ಲಿ ಒಂದೇ ದೀವಾನಿನಲ್ಲಿ ಹೆಸರಿದ್ದವರು ಪರಸ್ಪರರಿಗೆ ಆಕಿಲಾ ಆದರೆಂದು ಹನಫಿಗಳು ಹೇಳುತ್ತಾರೆ. ಸತ್ತವನ ಮಕ್ಕಳು ಬೀದಿಗೆ ಬೀಳಬಾರದೆಂಬುದು ಅದರ ಉದ್ದೇಶ. ಆ ಕುಲಗಳು ಇಂದು ಇಲ್ಲ. ಇಂದು ನಿಮ್ಮಿಂದ ಆ ಹಮಾಲ ಸತ್ತರೆ ನಿಮ್ಮ ಜಮಾಅತ್ತಿನವರು ಮೂವತ್ತು ಲಕ್ಷ ಕೂಡಿಸಿಕೊಡುತ್ತಾರೆಯೇ? ಕೊಡುವರೆಂದಾದರೆ ನಿಮ್ಮ ವಾದವನ್ನು ಕೇಳೋಣ. ಅಲ್ಲದೆ, ಕಾರನ್ನು ಬ್ಯಾಂಕಿನ ಬಡ್ಡಿ ಸಾಲದಲ್ಲಿ ಕೊಂಡಾಗ ಹುಟ್ಟದ ಸಂಶಯ ವಿಮೆಯ ಕಂತು ಕಟ್ಟುವಾಗ ಮಾತ್ರ ಹುಟ್ಟುವುದೇಕೆ?

ಕಾಗದಪತ್ರದ ಕೆಲಸ ಕಠಿಣವೇನಲ್ಲ. ಜಿಲ್ಲೆಯ ಆರ್‌ಟಿಓ ಕಚೇರಿ ಇಲ್ಲಿಯೇ ಗದಗದಲ್ಲಿದೆ. ವರ್ಗಾವಣೆಗೆ ನಮೂನೆ 29 ಮತ್ತು 30. ಹೊರರಾಜ್ಯದ ವಾಹನವಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ. ವಾಹನದ ಸಂಖ್ಯೆ ಹಾಕಿದರೆ ಅದರ ನೋಂದಣಿ ಮತ್ತು ವಿಮೆಯ ಅವಧಿಯ ವಿವರ ಸರಕಾರದ ಪರಿವಾಹನ್ ತಾಣದಲ್ಲಿ ನಿಮ್ಮ ಮೊಬೈಲಿನಲ್ಲಿಯೇ ಕಾಣುತ್ತದೆ. ಹೊರಗೆ ನಿಲ್ಲಿಸಿ ಬಂದ ಬೈಕು, ಕಾರುಗಳ ಸಂಖ್ಯೆಗಳನ್ನು ಈಗಲೇ ಹಾಕಿ ನೋಡಬಹುದು. ಆರ್‌ಸಿ, ವಿಮೆಯ ಪತ್ರ ತಂದಿರುವವರು ಅಸರ್ ನಮಾಝಿನ ನಂತರ ಇಲ್ಲಿಯೇ ಕುಳಿತುಕೊಳ್ಳಿ, ಒಂದೊಂದನ್ನಾಗಿ ನೋಡೋಣ. ಹಿಂದೆ ನಿಂತವರು ಮೊದಲು ಬನ್ನಿ.